ಹಾಲೇಶ ಹಿಡಿದ ಏಕಾದಶಿ

ಅಹಮದಾಬಾದಿನ ನವರಂಗಪುರದ ಒಂದು ಬ್ಯಾಂಕ್ ಶಾಖೆಯಲ್ಲಿ ಪಾಸ್‌ಬುಕ್ ಕೌಂಟರಿನ ಹಿಂದೆ ಕೂರುತ್ತಿದ್ದ ಹಾಲೇಶನನ್ನು ನೋಡಿದವರು, ಈ ಮನುಷ್ಯ ಹದಿನೈದು ವರ್ಷ ಸಮುದ್ರದ ತಳದಲ್ಲಿ ಓಡಾಡಿಕೊಂಡಿದ್ದವನು ಎಂದು ಕನಸಿನಲ್ಲೂ ಅಂದುಕೊಳ್ಳುತ್ತಿರಲಿಲ್ಲ. ಸಣ್ಣ ಹೊಟ್ಟೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಎಡಗಿವಿ ಸ್ವಲ್ಪ ಮಂದ. ಗಿರಾಕಿಗಳು ಕೂಗಿ ಮಾತಾಡಬೇಕಿತ್ತು. ಕೂಗಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಹೀಗಾಗಿ ಆ ಕೌಂಟರಿನ ಮುಂದೆ ದಿನಕ್ಕೊಂದಾದರೂ ಜಗಳ ಗ್ಯಾರಂಟಿ.

ಚನ್ನಗಿರಿ ಕಡೆಯ ಹುಡುಗನಿಗೆ ಸಮುದ್ರ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಬಹುದು. ಅಪ್ಪ ಭದ್ರಾ ನಾಲೆಯ ನೀರುಗಂಟಿ. ಯಾವ ಗದ್ದೆಗೆ ಯಾವತ್ತು ಎಷ್ಟು ನೀರು ಬಿಡಬೇಕು ಎಂದು ನೋಡಿಕೊಳ್ಳುವ ಕೆಲಸ. ತೂಬಿಗೆ ಕಸ, ಜೊಂಡು ಸಿಕ್ಕಿಕೊಂಡರೆ ಮುಳುಗಿ ತೆಗೆಯುವುದು ಮಗನ ಪಾಲಿಗೆ. ಹತ್ತನೇ ವಯಸ್ಸಿಗೇ ಹಾಲೇಶ ಉಸಿರು ಕಟ್ಟಿಕೊಂಡು ಕಣ್ಣು ಬಿಟ್ಟುಕೊಂಡು ನಾಲೆಯ ತಳದಲ್ಲಿ ಕೈಯಾಡಿಸುತ್ತಿದ್ದ. ಹದಿನೆಂಟಕ್ಕೆ ನೌಕಾಪಡೆ ಸೇರಿದಾಗ ಕಾರವಾರ, ಮಲ್ಪೆಯ ಹುಡುಗರು ಈ ಬಯಲುಸೀಮೆಯವನನ್ನು ನೋಡಿ ನಕ್ಕರು. ಎರಡು ವರ್ಷಕ್ಕೆ ಅವನು ಡೈವರ್ ಆದ ಮೇಲೆ ನಗುವುದನ್ನು ನಿಲ್ಲಿಸಿದರು. ಮೂವತ್ಮೂರಕ್ಕೆ ನಿವೃತ್ತಿ, ಮಾಜಿ ಸೈನಿಕರ ಕೋಟಾದಲ್ಲಿ ಬ್ಯಾಂಕಿನ ಗುಮಾಸ್ತಿಕೆ, ಮೊದಲು ವಡೋದರಾ, ಆಮೇಲೆ ಅಹಮದಾಬಾದ್. ಹೆಂಡತಿ ಸುಲೋಚನಾ, ಮಗಳು ಅದಿತಿ. ಮಗಳಿಗೆ ಅಪ್ಪನ ಭಾಷೆಗಿಂತ ಗುಜರಾತಿ ಸಲೀಸು.

ಅವನ ಹಳೆಯ ಚರಿತ್ರೆಯನ್ನು ಅಗೆದು ತೆಗೆದವನು ಗಿರಿಧರ. ವಡೋದರಾದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್, ಹುಬ್ಬಳ್ಳಿಯವನು, ಒಂಟಿ, ಬಾಡಿಗೆ ಫ್ಲ್ಯಾಟು, ಶನಿವಾರ ಬಂತೆಂದರೆ ಕೈಕಾಲು ನಿಲ್ಲದವನು. ಕನ್ನಡ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಸಿಕ್ಕ ಹಾಲೇಶನ ಬೆನ್ನು ಬಿಡಲಿಲ್ಲ. "ಹಾಲೇಶಣ್ಣ, ನಮಗ ಕಲಿಸ್ರೀ. ನಿಮ್ಮಂಥಾವ್ರು ಪಾಸ್‌ಬುಕ್ ಬರಕೋತ ಕುಂತ್ರ ಹ್ಯಾಂಗ?" ಎಂದ. ಹೊಗಳಿಕೆಗೆ ಕರಗದವರು ಯಾರಿದ್ದಾರೆ? ಹಾಲೇಶ ಕರಗಿದ. ಭಾನುವಾರಗಳಲ್ಲಿ ವಡೋದರಾದ ಒಂದು ಈಜುಕೊಳದಲ್ಲಿ ಪಾಠ ಶುರುವಾಯಿತು. ಅಹಮದಾಬಾದಿನಿಂದ ಅವನೂ, ವಸ್ತ್ರಾಪುರದಲ್ಲಿ ಮ್ಯಾನೇಜ್‌ಮೆಂಟ್ ಓದುತ್ತಿದ್ದ ಮೈಸೂರಿನ ಐಶ್ವರ್ಯಾಳೂ ಬೆಳಗಿನ ರೈಲು ಹಿಡಿಯುತ್ತಿದ್ದರು. ಸೂರತ್‌ನಿಂದ ಗಿರಿಧರನ ಪರಿಚಯದ ವಿಪುಲ್ ಬರುತ್ತಿದ್ದ.

ಈ ವಿಪುಲ್ ಗುಜರಾತಿ ಹುಡುಗ, ಸೂರತ್ತಿನ ಕತಾರ್‌ಗಾಮ್‌ನವನು. ಮನೆತನದ್ದೇ ವಜ್ರ ಉಜ್ಜುವ ಕಾರ್ಖಾನೆ. ಹದಿನೈದನೇ ವಯಸ್ಸಿನಿಂದ ಉಜ್ಜುವ ಚಕ್ರದ ಮುಂದೆ ಕೂತವನು, ಈಗ ಇಪ್ಪತ್ತನಾಲ್ಕು. ಮಾತು ಕಡಿಮೆ, ಕೈ ಅಲುಗುತ್ತಿರಲಿಲ್ಲ, ಉಸಿರು ಒಂದೇ ಸಮ. ನೀರಿನೊಳಗೆ ಹಾಲೇಶನಿಗೆ ಬೇಕಾಗಿದ್ದು ಇಂಥವನೇ. ಬಾಯಿಬಿಟ್ಟು ಹೇಳದಿದ್ದರೂ ಮೂವರಲ್ಲಿ ಅವನ ಮೇಲೇ ಹಾಲೇಶನಿಗೆ ಹೆಚ್ಚು ಪ್ರೀತಿ. ಇಬ್ಬರ ಮಾತೂ ಗುಜರಾತಿಯಲ್ಲೇ, ಹುಡುಗ ಅವನನ್ನು 'ಕಾಕಾ' ಎನ್ನುತ್ತಿದ್ದ.

ಎರಡು ಚಳಿಗಾಲ ಕಲಿತ ಮೇಲೆ, ಗೋವಾದಲ್ಲಿ ನಾಲ್ಕಾರು ಸಲ ಮುಳುಗಿ ಎದ್ದ ಮೇಲೆ, ಗಿರಿಧರ ಹಡಗಿನ ಸುದ್ದಿ ತಂದ. ಜಾಫರಾಬಾದ್ ಬಂದರಿನಿಂದ ದೋಣಿಯಲ್ಲಿ ಮೂರು ಗಂಟೆಯ ದೂರದಲ್ಲಿ, ಇಪ್ಪತ್ತು ವರ್ಷದ ಹಿಂದೆ ಸಿಮೆಂಟ್ ಹೊತ್ತು ಮುಳುಗಿದ ಒಂದು ಸರಕು ಹಡಗು. ಆಳ ನಲವತ್ತೊಂದು ಮೀಟರ್. ಮೀನುಗಾರರ ಬಲೆ ಹರಿಯುವ ಜಾಗ ಎಂದೇ ಅದಕ್ಕೆ ಖ್ಯಾತಿ. ಹಾಲೇಶ ಮೊದಲು ಬೇಡವೆಂದ. ಆಮೇಲೆ ಲೆಕ್ಕ ಹಾಕಿದ. ತಳದಲ್ಲಿ ಹನ್ನೆರಡು ನಿಮಿಷ, ಬರುವಾಗ ಹಗ್ಗ ಹಿಡಿದು ಎರಡು ಕಡೆ ನಿಂತು ಮೈಯೊಳಗೆ ಸೇರಿದ ಗಾಳಿ ನಿಧಾನವಾಗಿ ಇಳಿಯಲು ಬಿಡಬೇಕು. ಆಗದ ಕೆಲಸವೇನಲ್ಲ. ಅವನಿಗೂ ಆಸೆ ಇತ್ತು. ಅದನ್ನು ಮುಚ್ಚಿಡಬೇಕಾದ್ದೇನಿದೆ? ಒಂಬತ್ತು ವರ್ಷ ಕೌಂಟರಿನ ಹಿಂದೆ ಕೂತವನಿಗೆ ಒಂದು ಸಲ ಆಳಕ್ಕೆ ಇಳಿಯುವ ಆಸೆ.

ಆ ಕಡಲಿನಲ್ಲಿ ಉಬ್ಬರ-ಇಳಿತದ ಸೆಳೆತ ಭಾರೀ ಜೋರು. ನೀರು ನಿಂತಂತಿರುವ ದಿನ ನೋಡಿಯೇ ಇಳಿಯಬೇಕು. ಹಾಲೇಶ ಅಚ್ಚಾದ ಉಬ್ಬರದ ಪಟ್ಟಿ ತರಿಸಿ ಫೆಬ್ರವರಿಯ ಎರಡು ದಿನಕ್ಕೆ ಗೆರೆ ಹಾಕಿದ. 2003ನೇ ಇಸವಿ. ದೋಣಿಯ ಯಜಮಾನ ರಾಮಜಿಗೆ ಫೋನ್ ಮಾಡಿದರೆ ಅವನು ಪಟ್ಟಿ ಗಿಟ್ಟಿ ಏನೂ ನೋಡದೆ, "ದಶಮಿ, ಏಕಾದಶಿಗೆ ಬನ್ನಿ ಸಾಹೇಬ್. ಆವಾಗ ನೀರಿಗೆ ಜೋರಿರಲ್ಲ," ಎಂದ. ಇಬ್ಬರ ಲೆಕ್ಕಕ್ಕೂ ಬಂದದ್ದು ಅವೇ ಎರಡು ದಿನ. ತನ್ನ ಲೆಕ್ಕ ಸರಿಯಾಯಿತೆಂದು ಹಾಲೇಶ ಹಿಗ್ಗಿದ. ಬ್ಯಾಂಕಿಗೆ ಬಕ್ರೀದ್ ರಜೆಯೂ ಅಲ್ಲೇ ಬಂದಿತ್ತು.

ಹೊರಡುವುದಕ್ಕೆ ಒಂದು ವಾರ ಮೊದಲು ಮೂವರ ಮನೆಯವರಿಗೂ ತಾನೇ ವಿಷಯ ಹೇಳಿದ. ಹುಬ್ಬಳ್ಳಿಗೂ ಮೈಸೂರಿಗೂ ಫೋನ್ ಹೋಯಿತು. ಕತಾರ್‌ಗಾಮ್‌ಗೆ ಖುದ್ದಾಗಿ ಹೋದ. ವಿಪುಲ್‌ನ ತಾಯಿ ಕಂಚನ್‌ಬೆನ್ ಮುಖ ಊದಿಕೊಂಡು, ಉಸಿರಿಗೊಮ್ಮೆ ನಿಂತು ಮಾತಾಡುತ್ತಿದ್ದರು. ಮೂತ್ರಪಿಂಡದ ಕಾಯಿಲೆ, ವಾರಕ್ಕೆರಡು ಸಲ ಡಯಾಲಿಸಿಸ್. ಆಕೆ ಸಮುದ್ರದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದು, "ಭಾಯಿ, ಹೇಗೆ ಕರೆದುಕೊಂಡು ಹೋಗ್ತೀರೋ ಹಾಗೇ ನನ್ನ ಮಗನನ್ನ ತಂದುಬಿಡಿ," ಎಂದರು. "ಹಾಗೇ ತರ್ತೀನಿ, ಬೆನ್," ಎಂದ ಹಾಲೇಶ. ಅಷ್ಟೇ ಮಾತು. ಆದರೆ ಅವನ ಮಟ್ಟಿಗೆ ಅದು ಸಹಿ ಹಾಕಿ ಕೊಟ್ಟ ಮಾತು.

ಮೊದಲ ದಿನ ಪ್ರಯಾಣಕ್ಕೇ ಹೋಯಿತು. ಎರಡನೆಯ ದಿನ ಬೆಳಗಿನ ಜಾವ ದೋಣಿ ಬಿಟ್ಟು, ಒಂಬತ್ತರ ಹೊತ್ತಿಗೆ ಲಂಗರು ಹಾಕಿದರು. ನೌಕಾಪಡೆಯಲ್ಲಿ ಒಂದು ಪದ್ಧತಿ ಇದೆ. ಇಳಿಯುವ ಮುನ್ನ ಮೇಲಿನವನು ಪ್ರತಿಯೊಬ್ಬನನ್ನೂ ಎದುರಿಗೆ ನಿಲ್ಲಿಸಿಕೊಂಡು ಜೋರಾಗಿ ಪ್ರಶ್ನೆ ಕೇಳಬೇಕು, ಅವನು ಜೋರಾಗಿ ಉತ್ತರ ಹೇಳಬೇಕು. ಹಾಲೇಶ ಅದನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ. "ನಿನ್ನೆ ಮದ್ಯ ಕುಡಿದಿದ್ದೀಯಾ? ನಿದ್ದೆ ಆಗಿದೆಯಾ? ನೆಗಡಿ ಇದೆಯಾ? ಕಿವಿ ನೋವು? ಯಾವುದಾದರೂ ಮಾತ್ರೆ? ಹೆದರಿಕೆ?" ಹದಿನೈದು ವರ್ಷ ಅವನು ಕಂಡಿದ್ದ ಡೈವರುಗಳ ಮುಖ್ಯ ರೋಗ ಹಿಂದಿನ ರಾತ್ರಿಯ ರಮ್. ಆದ್ದರಿಂದ ಮದ್ಯದ ಪ್ರಶ್ನೆ ಮೊದಲು. ಪಾನನಿಷೇಧದ ಗುಜರಾತಿನಲ್ಲಿ, ಈರುಳ್ಳಿಯನ್ನೂ ಮುಟ್ಟದ ಹುಡುಗನ ಮುಂದೆ ನಿಂತು ಆ ಪ್ರಶ್ನೆ ಕೇಳುವಾಗ ಅವನಿಗೇ ನಗು ಬಂತು. ನಿದ್ದೆಗೆ "ಹೌದು", ಉಳಿದ ಐದಕ್ಕೂ "ಇಲ್ಲ ಕಾಕಾ," ಎಂದು ವಿಪುಲ್ ನಿಜವನ್ನೇ ಹೇಳಿದ. ಸುಳ್ಳು ಹೇಳುವ ಹುಡುಗನಲ್ಲ ಅವನು. ಕೇಳಿದ್ದಕ್ಕೆ ಉತ್ತರ ಕೊಟ್ಟ, ಕೇಳದ್ದನ್ನು ಹೇಳಲಿಲ್ಲ.

ಲಂಗರಿನ ಹಗ್ಗ ಹಿಡಿದು ನಾಲ್ವರೂ ಇಳಿದರು. ಹಸಿರು ಕಂದಾಯಿತು, ಕಂದು ಕಪ್ಪಾಯಿತು. ಮೂವತ್ತೈದು ಮೀಟರಿನಲ್ಲಿ ಹಡಗಿನ ಕಂಬಿ ಕೈಗೆ ಸಿಕ್ಕಿತು. ಟಾರ್ಚಿನ ಬೆಳಕಿಗೆ ಕಂಡಷ್ಟೇ ಹಡಗು. ಹರಿದ ಬಲೆಗಳು ಕಂಬಿಗೆ ಜೋತುಬಿದ್ದಿದ್ದವು, ಅವುಗಳ ನಡುವೆ ಮೀನುಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು. ಸರಕಿನ ಕೋಣೆಯ ಬಾಯಿಯಲ್ಲಿ ಸಿಮೆಂಟಿನ ಮೂಟೆಗಳು ಒಂದರ ಮೇಲೊಂದು ಪೇರಿಸಿದ ಹಾಗೇ ಇದ್ದವು. ಗೋಣಿ ಎಂದೋ ಕೊಳೆತುಹೋಗಿ, ಮೂಟೆಯ ಆಕಾರದ ಕಲ್ಲುಗಳು ಮಾತ್ರ ಉಳಿದಿದ್ದವು. ಹೊಲಿಗೆಯ ಗುರುತೂ ಕಲ್ಲಿನ ಮೇಲೆ ಕಾಣುತ್ತಿತ್ತು. ಯಾರೋ ಹಮಾಲಿಗಳು ಬೆನ್ನ ಮೇಲೆ ಹೊತ್ತು ಜೋಡಿಸಿದ ಸಾಲು ಅದು. ವಿಪುಲ್ ಒಂದು ಮೂಟೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತ. ಆ ಹಡಗಿನವರು ಎಲ್ಲರೂ ಬದುಕಿ ಬಂದರೋ ಇಲ್ಲವೋ ಹಾಲೇಶನಿಗೆ ಗೊತ್ತಿರಲಿಲ್ಲ. ನಾಲ್ವರಲ್ಲಿ ಯಾರಿಗೂ ಕೈಸನ್ನೆಯಲ್ಲೂ ತಮಾಷೆ ಮಾಡುವ ಮನಸ್ಸಾಗಲಿಲ್ಲ.

ಹನ್ನೆರಡನೇ ನಿಮಿಷಕ್ಕೆ ಹಾಲೇಶ ಹೆಬ್ಬೆರಳು ಮೇಲೆತ್ತಿದ. ಎಲ್ಲರೂ ಮೇಲಕ್ಕೆ ಹೊರಟರು. ಆರು ಮೀಟರಿನಲ್ಲಿ ನಿಂತರು, ಮೂರು ಮೀಟರಿನಲ್ಲಿ ನಿಂತರು. ಡೈವಿಂಗ್ ಪಟ್ಟಿಯಲ್ಲಿದ್ದದ್ದಕ್ಕಿಂತ ಐದು ನಿಮಿಷ ಹೆಚ್ಚೇ ನಿಲ್ಲಿಸಿದ. ದೋಣಿ ಹತ್ತಿ ಮುಖವಾಡ ತೆಗೆದಾಗ ಅವನ ಎದೆ ತುಂಬಿಬಂದಿತ್ತು. ಎಲ್ಲರೂ ಬಂದರು, ಹಾಗೇ ಬಂದರು.

ಅರ್ಧ ಗಂಟೆಯ ನಂತರ ವಿಪುಲ್ ತೊಡೆ ಉಜ್ಜಿಕೊಳ್ಳುತ್ತಿದ್ದುದನ್ನು ಹಾಲೇಶ ಕಂಡ.

"ಏನಾಯ್ತೋ?"

"ಜೋಮು ಹಿಡಿದಿದೆ ಕಾಕಾ. ಕೂತು ಕೂತು."

"ಎದ್ದು ನಿಲ್ಲು."

ವಿಪುಲ್ ಎದ್ದ. ಎರಡೂ ಕಾಲು ಮಡಚಿಕೊಂಡು ದೋಣಿಯ ಹಲಗೆಯ ಮೇಲೆ ಕುಸಿದ. ಹಾಲೇಶನಿಗೆ ಇನ್ನೇನೂ ಕೇಳಬೇಕಿರಲಿಲ್ಲ. ಮೈಯೊಳಗಿನ ಗಾಳಿ ಗುಳ್ಳೆಯಾಗಿ ಬೆನ್ನುಹುರಿಯಲ್ಲಿ ಕೂತಿತ್ತು. ಇಂಥ ಕೇಸು ನೌಕಾಪಡೆಯಲ್ಲಿ ಎರಡು ನೋಡಿದ್ದ. ಒಬ್ಬ ನಡೆದಾಡಿದ, ಇನ್ನೊಬ್ಬ ನಡೆಯಲಿಲ್ಲ. ತಂದಿದ್ದ ಆಮ್ಲಜನಕದ ಸಿಲಿಂಡರ್ ತೆಗೆದು ಅದರ ಮುಖವಾಡವನ್ನು ವಿಪುಲ್‌ನ ಮುಖಕ್ಕೆ ಹಿಡಿದ. ಗಿರಿಧರ ಲಂಗರಿನ ಹಗ್ಗ ಎಳೆಯಲು ಓಡಿದ. ಐಶ್ವರ್ಯಾ ನೀರಿನ ಬಾಟಲಿ ತಂದಳು. ರಕ್ತ ತೆಳುವಾಗಿ ಓಡಬೇಕು, ಗುಳ್ಳೆ ಕರಗಬೇಕು, ಅದಕ್ಕೆ ನೀರು ಬೇಕು. ಪಾಠದ ಮೊದಲ ದಿನವೇ ಹಾಲೇಶ ಅದನ್ನು ಹೇಳಿಕೊಟ್ಟಿದ್ದ.

"ಕುಡಿ," ಎಂದ.

ವಿಪುಲ್ ತಲೆಯಾಡಿಸಿದ. "ಇವತ್ತು ಆಗಲ್ಲ ಕಾಕಾ. ಏಕಾದಶಿ. ನಾಳೆ ಸೂರ್ಯ ಬರೋವರೆಗೂ ನೀರಿಲ್ಲ."

ಹಾಲೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿನ್ನೆ ಸಂಜೆಯಿಂದ ಈ ಹುಡುಗ ಒಂದು ಹನಿ ನೀರು ಕುಡಿದಿಲ್ಲ. ಒಣಗಿದ ಮೈಯಲ್ಲೇ ನಲವತ್ತೊಂದು ಮೀಟರ್ ಇಳಿದು ಬಂದಿದ್ದಾನೆ. ಆರು ಪ್ರಶ್ನೆ ಕೇಳಿದ ಬಾಯಿ ಏಳನೆಯದನ್ನು ಕೇಳಲಿಲ್ಲ. ಏಕಾದಶಿ ಎಂಬ ಮಾತು ರಾಮಜಿಯ ಬಾಯಿಂದ ಕಿವಿಗೆ ಬಿದ್ದಿತ್ತು, ಆ ಕಿವಿ ಅದನ್ನು ನೀರಿನ ಸೆಳೆತದ ಲೆಕ್ಕಕ್ಕೆ ಹಾಕಿಕೊಂಡಿತ್ತು.

ಐಶ್ವರ್ಯಾಳಿಗೆ ಸಿಟ್ಟು ನೆತ್ತಿಗೇರಿತು. "ಅಂಕಲ್, ಬಲವಂತವಾಗಿ ಕುಡಿಸಿ! ಇದೇನು ಹುಚ್ಚು? ಕಾಲು ಹೋಗ್ತಿದೆ ಇವನಿಗೆ!" ಎಂದಳು.

ವಿಪುಲ್‌ಗೆ ಕನ್ನಡ ಬಾರದಿದ್ದರೂ ಮಾತಿನ ಧಾಟಿ ಅರ್ಥವಾಯಿತು. ಮುಖವಾಡವನ್ನು ಪಕ್ಕಕ್ಕೆ ಸರಿಸಿ ಹಾಲೇಶನಿಗೆ ಹೇಳಿದ. ಅಮ್ಮನಿಗೆ ಡಾಕ್ಟರು ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯಬಾರದೆಂದಿದ್ದಾರೆ. ಬೇಸಿಗೆಯಲ್ಲಿ ಆಕೆ ಮಂಜುಗಡ್ಡೆಯ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಅದನ್ನು ನೋಡಲಾಗದೆ ತಾನು ಹರಕೆ ಹೊತ್ತೆ, ಏಕಾದಶಿಯ ದಿನ ಒಂದು ಹನಿಯನ್ನೂ ಮುಟ್ಟೆನೆಂದು. ಎರಡು ವರ್ಷವಾಯಿತು, ಅಮ್ಮ ಇದ್ದಾಳೆ. ಈಗ ತಪ್ಪಿಸಿ ಆಕೆಗೇನಾದರೂ ಆದರೆ?

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ಇದ್ದರೂ ಆ ದೋಣಿಯಲ್ಲಿ ಅದು ನಡೆಯುತ್ತಿರಲಿಲ್ಲ. ತಾಯಿಗೇ ಫೋನ್ ಹಚ್ಚಿ ಹೇಳಿಸೋಣವೆಂದರೆ ಮೊಬೈಲಿಗೆ ಸಿಗ್ನಲ್ ಬರಲು ಇನ್ನೂ ಎರಡು ಗಂಟೆ ದಡದ ಕಡೆ ಹೋಗಬೇಕು. ಹಾಲೇಶ ಮಂಡಿಯೂರಿ ಕೂತು ವಿಪುಲ್‌ನ ಎರಡೂ ಕೈ ಹಿಡಿದುಕೊಂಡ.

"ಹಾಗಾದ್ರೆ ಈ ಹರಕೆ ನನಗೆ ಕೊಡು."

ವಿಪುಲ್ ಕೈ ಬಿಡಿಸಿಕೊಳ್ಳಲು ನೋಡಿದ.

"ತಮಾಷೆ ಅಲ್ಲ. ಈಗಿಂದ ಇದು ನಂದು. ನಿನ್ನಮ್ಮನ ಹೆಸರಲ್ಲಿ ನಾನು ಹಿಡೀತೀನಿ, ಪ್ರತಿ ಏಕಾದಶಿ. ಹರಕೆ ತಪ್ಪಲ್ಲ, ಕೈ ಬದಲಾಗುತ್ತೆ ಅಷ್ಟೇ. ಬಂದ ಪಾಪ ನನಗಿರಲಿ. ನೀನು ಕುಡಿ."

"ಮೀನು ತಿನ್ನೋರು ನೀವು," ಎಂದ ವಿಪುಲ್. ನಗಲು ಹೋದ, ಅಳು ಬಂತು. "ನಿಮ್ಮ ಕೈಲಾಗುತ್ತಾ ಕಾಕಾ?"

"ಆಗುತ್ತೆ. ನಾನು ನೀರುಗಂಟಿಯ ಮಗ."

ಯಾಕೆ ಹಾಗೆಂದನೋ ಅವನಿಗೇ ತಿಳಿಯದು. ಯಾರ ಪಾಲಿನ ನೀರು ಯಾರಿಗೆ ಎಂದು ತೀರ್ಮಾನಿಸಿದವರ ವಂಶ ಎಂಬ ಧೈರ್ಯವಿರಬಹುದು. ವಿಪುಲ್ ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ಬಾಟಲಿಗೆ ಬಾಯಿ ಇಟ್ಟ. ಒಂದಾದ ಮೇಲೊಂದರಂತೆ ಎರಡು ಬಾಟಲಿ ಖಾಲಿ ಮಾಡಿದ. ಮೂರನೆಯದನ್ನು ಐಶ್ವರ್ಯಾ ಹಾಲೇಶನಿಗೆ ಚಾಚಿದಳು. ಅವನೂ ಅಷ್ಟೇ ಆಳಕ್ಕೆ ಇಳಿದು ಬಂದವನು, ಅವನಿಗೂ ನೀರು ಬೇಕಿತ್ತು. ಬೇಡವೆಂದ. ಆಕೆ ಮುಖ ತಿರುಗಿಸಿಕೊಂಡು ಅತ್ತಳು.

ದಡ ಸೇರಿದ ಮೇಲೆ ಬಾಡಿಗೆ ವ್ಯಾನು. ಭಾವನಗರ, ವಡೋದರಾ, ಸೂರತ್, ಹನ್ನೊಂದು ಗಂಟೆಯ ದಾರಿ. ಸೂರತ್ ಬಳಿಯ ಜೆಟ್ಟಿಯೊಂದರಲ್ಲಿ ತೈಲ ಬಾವಿಗಳಿಗೆ ಕೆಲಸ ಮಾಡುವ ಡೈವಿಂಗ್ ಕಂಪನಿ ಇತ್ತು. ಅಲ್ಲಿ ಹಾಲೇಶನ ಹಳೆಯ ಜೊತೆಗಾರ ಪದ್ಮನಾಭ ಮೇಲ್ವಿಚಾರಕ. ಆಳದ ಒತ್ತಡವನ್ನೇ ನೆಲದ ಮೇಲೆ ಕೊಡುವ ಕಬ್ಬಿಣದ ಕೋಣೆ ಅವರ ಬಳಿ ಇತ್ತು. ಬೆಳಗಾಗುವ ಮೊದಲೇ ವಿಪುಲ್‌ನನ್ನು ಅದರೊಳಗೆ ಮಲಗಿಸಿದರು. ಸೂರ್ಯ ಹುಟ್ಟಿದಾಗ ಪದ್ಮನಾಭ ಚಹಾ ತಂದುಕೊಟ್ಟ. ಹಾಲೇಶ ಅದನ್ನು ಒಂದೇ ಗುಟುಕಿಗೆ ಮುಗಿಸಿ ಇನ್ನೊಂದು ಲೋಟ ಕೇಳಿದ.

ಆರು ದಿನದ ಚಿಕಿತ್ಸೆಯಲ್ಲಿ ಎಡಗಾಲು ಪೂರ್ತಿ ಬಂತು. ಬಲಗಾಲು ಅರ್ಧ ಬಂದು ಅಲ್ಲಿಗೇ ನಿಂತಿತು. ದೋಣಿಯಲ್ಲಿ ನೀರು ಕುಡಿಯದಿದ್ದರೆ ಎರಡೂ ಹೋಗುತ್ತಿದ್ದವೇನೋ ಎಂದರು ಡಾಕ್ಟರು. ನೀರು ಕುಡಿದೇ ಸಮುದ್ರಕ್ಕೆ ಇಳಿದಿದ್ದರೆ ಏನೂ ಆಗುತ್ತಿರಲಿಲ್ಲವೇನೋ ಎಂದೂ ಅವರೇ ಅಂದರು. ಹಾಲೇಶನಿಗೆ ಎರಡನೆಯದು ಮಾತ್ರ ಕೇಳಿಸಿತು.

ಆಮೇಲೆ ಅವನು ನೀರಿಗಿಳಿಯಲಿಲ್ಲ. ಪಾಠ ನಿಂತಿತು. ತಿಂಗಳಿಗೆ ಎರಡು ಏಕಾದಶಿ ಮಾತ್ರ ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಅಹಮದಾಬಾದಿನ ಬಿಸಿಲು ನಲವತ್ತನಾಲ್ಕಕ್ಕೆ ಏರಿದಾಗಲೂ ಒಣ ತುಟಿಯಲ್ಲೇ ಪಾಸ್‌ಬುಕ್ ಬರೆದ. ಸುಲೋಚನಾ ಬೈದಳು. "ಏನ್ರೀ ಇದು? ನಮ್ಮ ಮನ್ಯಾಗೆ ಯಾರು ಹಿಡ್ದಿದ್ರು ಏಕಾದಶಿನ? ಕೌಂಟ್ರಾಗೇ ಬಿದ್ದುಹೋದ್ರೆ ಆ ಹುಡುಗನ ಕಾಲು ಸರಿಯಾಗ್ತದಾ?" ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಒಂದು ಸಲ ನಿಜಕ್ಕೂ ಬಿದ್ದ, ಲೆಡ್ಜರಿನ ಮೇಲೆ. ಗಿರಾಕಿಗಳೇ ಎತ್ತಿ ಕೂರಿಸಿ ಮುಖಕ್ಕೆ ನೀರು ಚಿಮುಕಿಸಿದರು. ತುಟಿಯ ಮೇಲೆ ಬಿದ್ದದ್ದನ್ನು ಒರೆಸಿಕೊಂಡ.

ಕತಾರ್‌ಗಾಮ್‌ಗೆ ಮಾತ್ರ ಹೋಗಲಿಲ್ಲ. ವಿಪುಲ್‌ಗೆ ಫೋನ್ ಮಾಡುತ್ತಿದ್ದ, ತಾಯಿ ಎತ್ತಿಕೊಂಡರೆ ಇಟ್ಟುಬಿಡುತ್ತಿದ್ದ. ಹಡಗಿನ ತಳಕ್ಕೆ ಇಳಿದ ಗಂಡಸಿಗೆ ಆ ಮನೆಯ ಮೆಟ್ಟಿಲು ಹತ್ತುವ ಧೈರ್ಯವಿರಲಿಲ್ಲ.

ಕೊನೆಗೆ ಅವರೇ ಬಂದರು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ಕೋಲೂರಿಕೊಂಡು ವಿಪುಲ್, ಅವನ ಹೆಗಲು ಹಿಡಿದು ಕಂಚನ್‌ಬೆನ್. ಯಾರು ಯಾರನ್ನು ನಡೆಸಿಕೊಂಡು ಬಂದರು ಎಂದು ಹೇಳುವುದು ಕಷ್ಟವಿತ್ತು. ಸುಲೋಚನಾ ಕುರ್ಚಿ ಎಳೆದಳು. ಹಾಲೇಶ ಕೂರಲಿಲ್ಲ. ಏಳು ತಿಂಗಳು ನುಂಗಿಕೊಂಡದ್ದನ್ನು ನಿಂತೇ ಹೇಳಿದ.

"ಬೆನ್, ನನ್ನ ತಪ್ಪು. ಆರು ಪ್ರಶ್ನೆ ಕೇಳಿದೆ. ನೀರು ಕುಡಿದಿದ್ದೀಯಾ ಅಂತ ಕೇಳಲಿಲ್ಲ. ಹಾಗೇ ತರ್ತೀನಿ ಅಂದಿದ್ದೆ, ತರಲಿಲ್ಲ."

ಕಂಚನ್‌ಬೆನ್ ಉಸಿರು ಸುಧಾರಿಸಿಕೊಂಡರು.

"ನನಗೆ ಗೊತ್ತಿತ್ತು ಭಾಯಿ. ಆ ದಿನ ಏಕಾದಶಿ ಅಂತ ನೀವು ಮನೆಗೆ ಬಂದಾಗಲೇ ಗೊತ್ತಿತ್ತು. ಹೇಳಿದ್ರೆ ನೀವು ಬಿಟ್ಟುಹೋಗ್ತೀರಿ, ಹುಡುಗ ಎರಡು ವರ್ಷದಿಂದ ಆಸೆಪಟ್ಟಿದ್ದಾನೆ ಅಂತ ಸುಮ್ಮನಿದ್ದೆ. ತಾಯಿ ನಾನು, ನಾನೇ ಸುಮ್ಮನಿದ್ದೆ."

ಅಷ್ಟು ದಿನ ಒಬ್ಬನೇ ಹೊತ್ತದ್ದಕ್ಕೆ ಇನ್ನೊಂದು ಹೆಗಲು ಇತ್ತು ಎಂದು ತಿಳಿದು ಹಾಲೇಶನಿಗೆ ಸಮಾಧಾನವಾಗಲಿಲ್ಲ, ಮಕ್ಕಳಂತೆ ಬಿಕ್ಕಿ ಅಳು ಬಂತು. ಅದಿತಿ ಒಳಗಿಂದ ಬಂದು ಬಾಗಿಲಲ್ಲೇ ನಿಂತಳು. ಅಪ್ಪ ಅಳುವುದನ್ನು ಅವಳು ನೋಡಿರಲಿಲ್ಲ.

ಸುಲೋಚನಾ ಬಂದವರಿಬ್ಬರಿಗೂ ತನಗೂ ನೀರು ತಂದಿಟ್ಟಳು. ಮೂರು ಲೋಟ. ಕಂಚನ್‌ಬೆನ್ ಎಣಿಸಿ ನೋಡಿ, "ಅವರಿಗೆ?" ಎಂದರು.

"ಇವತ್ತು ಏಕಾದಶಿ," ಎಂದಳು ಸುಲೋಚನಾ.

ಕಂಚನ್‌ಬೆನ್‌ಗೆ ಅದು ಗೊತ್ತಿತ್ತು. ದಿನ ನೋಡಿಯೇ ಬಂದಿದ್ದರು. ತಮ್ಮ ಮುಂದಿನ ಲೋಟವನ್ನು ಎತ್ತಿ, ಕುರ್ಚಿ ಹಿಡಿದು ಎದ್ದು, ಹಾಲೇಶನ ಮುಂದೆ ಬಂದು ನಿಂತರು.

"ಇದು ನನ್ನ ಇವತ್ತಿನ ಪಾಲಿನದು. ಕುಡಿಯಿರಿ."

"ಬೇಡ ಬೆನ್. ನಿಮ್ಮ ಜೀವಕ್ಕೆ ಅಂತ ಹಿಡಿದದ್ದು. ನನ್ನಿಂದ ತಪ್ಪಿ ನಿಮಗೇನಾದ್ರೂ ಆದ್ರೆ?"

"ಆಗೋದು ನನಗೆ ತಾನೆ? ಹರಕೆ ಹೊರೋವಾಗ ಇವನು ನನ್ನ ಕೇಳಲಿಲ್ಲ. ಇಸ್ಕೊಳ್ಳೋವಾಗ ನೀವೂ ಕೇಳಲಿಲ್ಲ. ನನ್ನ ಜೀವ ಭಾಯಿ, ಒಂದು ಸಲ ನನ್ನನ್ನೂ ಕೇಳಿ." ಲೋಟ ಹಿಡಿದ ಆಕೆಯ ಊದಿದ ಕೈ ಸೋಲುತ್ತಿತ್ತು, ಆದರೂ ಇಳಿಸಲಿಲ್ಲ. "ನಾನಿರೋವಷ್ಟು ದಿನ ಇನ್ನು ಯಾರೂ ನನ್ನ ಹೆಸರಲ್ಲಿ ಬಾಯಾರಿಕೊಂಡು ಕೂರಬಾರದು."

ಹಾಲೇಶ ವಿಪುಲ್‌ನ ಕಡೆ ನೋಡಿದ. ವಿಪುಲ್ ತನ್ನ ಲೋಟ ಆಗಲೇ ಖಾಲಿ ಮಾಡಿದ್ದ.

ಹಾಲೇಶ ಎರಡೂ ಕೈ ಚಾಚಿ ಲೋಟ ಇಸಿದುಕೊಂಡು, ಆಕೆಯ ಎದುರಿಗೇ ನಿಂತು, ಪೂರ್ತಿ ಕುಡಿದ.